ಬೆಂಬಲ ಆಮೇಲೆ ಬರುತ್ತದೆ

2022ರ ಫೆಬ್ರವರಿ 3ರಂದು ಮ್ಯಾಡ್ರಿಡ್‌ನ ಸಂಸತ್ತಿನಲ್ಲಿ ಒಂದು ತಮಾಷೆ ನಡೆಯಿತು. ಹಂಗಾಮಿ ನೌಕರಿಗೆ ಕಡಿವಾಣ ಹಾಕುವ ಕಾನೂನು ಅಂದು ಮತಕ್ಕೆ ಬಂದಿತ್ತು. ಕಾರ್ಮಿಕ ಸಚಿವೆ ಯೋಲಾಂಡಾ ದಿಯಾಸ್ ತಿಂಗಳುಗಟ್ಟಲೆ ಮಾತುಕತೆ ನಡೆಸಿ ದೇಶದ ಎರಡು ದೊಡ್ಡ ಕಾರ್ಮಿಕ ಸಂಘಟನೆಗಳಿಂದಲೂ ಮಾಲೀಕರ ಒಕ್ಕೂಟದಿಂದಲೂ ಒಂದೇ ಕಾಗದಕ್ಕೆ ಸಹಿ ಹಾಕಿಸಿದ್ದರು. ಸದನದಲ್ಲಿ ಮಾತ್ರ ಲೆಕ್ಕ ಹದಗೆಟ್ಟಿತು. ಬೆಂಬಲಿಸುತ್ತೇವೆ ಎಂದಿದ್ದ ಪ್ರಾದೇಶಿಕ ಪಕ್ಷವೊಂದರ ಇಬ್ಬರು ಸದಸ್ಯರು ಕೊನೆ ಗಳಿಗೆಯಲ್ಲಿ ತಿರುಗಿಬಿದ್ದರು. ಕಾನೂನು ಬಿತ್ತು ಎಂದು ಸ್ಪೀಕರ್ ಒಮ್ಮೆ ಹೇಳಿಯೂ ಬಿಟ್ಟರು. ಆಮೇಲೆ ಎಣಿಸಿ ನೋಡಿದರೆ ಗೆದ್ದಿತ್ತು, 175ಕ್ಕೆ 174. ಹುಷಾರಿಲ್ಲದೆ ಮನೆಯಿಂದಲೇ ಕಂಪ್ಯೂಟರಿನಲ್ಲಿ ಮತ ಹಾಕಿದ ವಿರೋಧ ಪಕ್ಷದ ಸದಸ್ಯರೊಬ್ಬರು ‘ಬೇಡ’ಕ್ಕೆ ಬದಲು ‘ಬೇಕು’ ಒತ್ತಿದ್ದರು. ತಿದ್ದುತ್ತೇನೆ ಎಂದು ಓಡಿ ಬಂದರು, ಬಿಡಲಿಲ್ಲ.

ಆ ಒಂದು ತಪ್ಪು ಗುಂಡಿಯಿಂದ ಬಂದ ಕಾನೂನು ಏನು ಮಾಡಿತು ನೋಡಿ. ಅದಕ್ಕೆ ಮೊದಲು ಸ್ಪೇನಿನ ನಾಲ್ವರು ನೌಕರರಲ್ಲಿ ಒಬ್ಬ ಹಂಗಾಮಿ. ದಶಕಗಳಿಂದ ಹಾಗೇ ಇತ್ತು, ಯುರೋಪಿನಲ್ಲೇ ಅದು ಅತಿ ಕೆಟ್ಟ ಪ್ರಮಾಣಗಳಲ್ಲೊಂದು. ಎರಡೇ ವರ್ಷದಲ್ಲಿ ಅದು ಆರರಲ್ಲಿ ಒಬ್ಬ ಎನ್ನುವ ಮಟ್ಟಕ್ಕಿಳಿಯಿತು. 2023ರ ಚುನಾವಣೆ ಹೊತ್ತಿಗೆ, ವಿರುದ್ಧ ಮತ ಹಾಕಿದ್ದ ಮುಖ್ಯ ವಿರೋಧ ಪಕ್ಷದ ನಾಯಕ ಫೆಯ್ಹೋ ಈ ಕಾನೂನನ್ನು ಪೂರ್ತಿ ಕಿತ್ತುಹಾಕುವ ಮಾತಿನಿಂದ ಹಿಂದೆ ಸರಿದಿದ್ದರು. ಕಾಯಂ ಆದವನ ಕೈಯಿಂದ ಆ ನೌಕರಿಯನ್ನು ಕಿತ್ತುಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ.

ಕಾರ್ಮಿಕ ಹಕ್ಕುಗಳ ವಿಷಯದಲ್ಲಿ ಯುರೋಪಿನ ಬಗ್ಗೆ ಎಲ್ಲರೂ ಒಪ್ಪಿಕೊಂಡಿರುವ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಜನ ತಿಳಿವಳಿಕೆಯುಳ್ಳವರು, ದುಡಿಯುವವನ ಕಷ್ಟ ಅವರಿಗೆ ಅರ್ಥವಾಗುತ್ತದೆ. ಮೊದಲು ಜನಾಭಿಪ್ರಾಯ ಹದಗೊಂಡಿತು, ಆಮೇಲೆ ಕಾನೂನು ಬಂತು ಎನ್ನುತ್ತದೆ ಆ ಕಥೆ. ನಮ್ಮಲ್ಲಿ ಯುರೋಪು ಸುತ್ತಿ ಬಂದವರ ಪ್ರವಾಸ ಕಥನಗಳಲ್ಲಿ ಇದು ಬೆರಗಿನ ರೂಪದಲ್ಲಿರುತ್ತದೆ: ಭಾನುವಾರ ಅಂಗಡಿ ಮುಚ್ಚುತ್ತಾರಂತೆ, ಆಗಸ್ಟಿನಲ್ಲಿ ಪ್ಯಾರಿಸ್ಸಿಗೆ ಪ್ಯಾರಿಸ್ಸೇ ರಜೆ ಹೋಗುತ್ತದಂತೆ, ಏನು ಸಂಸ್ಕೃತಿ! ಬ್ರಸೆಲ್ಸ್‌ನ ಕಚೇರಿಗಳಲ್ಲಿ ಇದೇ ಕಥೆ ಯೋಜನಾ ವರದಿಯ ಭಾಷೆಯಲ್ಲಿರುತ್ತದೆ. ಸಾಮಾಜಿಕ ನೀತಿ ದುರ್ಬಲವಾಗುತ್ತಿದೆಯೆಂದರೆ ಜನರಿಗೆ ಅದರ ಮಹತ್ವ ಸರಿಯಾಗಿ ತಲುಪಿಲ್ಲ. ಆದ್ದರಿಂದ ಜಾಗೃತಿ ಅಭಿಯಾನ ಬೇಕು, ಪೋಸ್ಟರ್ ಬೇಕು, ವಿಚಾರ ಸಂಕಿರಣ ಬೇಕು, ವಿಡಿಯೊ ಬೇಕು. ಎರಡೂ ಕಡೆ ನಂಬಿಕೆ ಒಂದೇ. ಮನಸ್ಸು ಮೊದಲು, ಕಾನೂನು ಆಮೇಲೆ.

ನನಗೆ ಇದು ಬಹುಮಟ್ಟಿಗೆ ಸುಳ್ಳು ಅನ್ನಿಸುತ್ತದೆ. ಸುಳ್ಳಾದರೂ ಇರಲಿ ಎಂದು ಬಿಡುವ ಹಾಗಿಲ್ಲ. ಈ ನಂಬಿಕೆಯಿಂದಾಗಿ ಸಂಘಟನೆಗಳ ದುಡ್ಡು, ಶ್ರಮ, ವರ್ಷಗಳು ತಪ್ಪು ಜಾಗಕ್ಕೆ ಹೋಗುತ್ತಿವೆ.

ಬೆಂಬಲದ ಕೊರತೆ ಇದೆಯೇ ಎನ್ನುವುದನ್ನೇ ಮೊದಲು ಕೇಳೋಣ. ಯುರೋಪಿಯನ್ ಒಕ್ಕೂಟದ ಅಧಿಕೃತ ಸಮೀಕ್ಷೆ ಯೂರೋಬ್ಯಾರೋಮೀಟರ್ 2021ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ, ಸಾಮಾಜಿಕ ಭದ್ರತೆಯುಳ್ಳ ಯುರೋಪು ತಮಗೆ ಮುಖ್ಯ ಎಂದಿದ್ದರು. ಇದಕ್ಕಿಂತ ಹೆಚ್ಚಿನ ಬೆಂಬಲ ದೇವರಿಗೂ ಸಿಗಲಾರದು. ಆದರೆ ಸಮೀಕ್ಷೆಯವರಿಗೆ ‘ಹೌದು, ಮುಖ್ಯ’ ಎನ್ನಲು ಯಾರ ಜೇಬಿನಿಂದ ಏನು ಹೋಗುತ್ತದೆ?

ಹೋಗುವ ಸಂದರ್ಭ ಬಂದಾಗ ಏನಾಯಿತು ಎಂದು ತಿಳಿಯಲು 2025ರ ಜೂನ್ 8 ಮತ್ತು 9ರ ಇಟಲಿಯನ್ನು ನೋಡಬೇಕು. ಅಲ್ಲಿನ ಅತಿ ದೊಡ್ಡ ಕಾರ್ಮಿಕ ಸಂಘಟನೆ ಸಿಜಿಐಎಲ್ ಊರೂರು ಅಲೆದು ಲಕ್ಷಾಂತರ ಸಹಿ ಸಂಗ್ರಹಿಸಿ ನಾಲ್ಕು ಕಾರ್ಮಿಕ ಪ್ರಶ್ನೆಗಳನ್ನು ಜನಮತ ಸಂಗ್ರಹಕ್ಕೆ ತಂದಿತು. ಅನ್ಯಾಯವಾಗಿ ಕೆಲಸದಿಂದ ತೆಗೆದರೆ ಮರಳಿ ಸೇರಿಸಿಕೊಳ್ಳಬೇಕೆ, ಸಣ್ಣ ಸಂಸ್ಥೆಗಳಲ್ಲಿ ಪರಿಹಾರದ ಮಿತಿ ತೆಗೆಯಬೇಕೆ, ಹಂಗಾಮಿ ಕರಾರಿಗೆ ಕಾರಣ ಕೊಡಬೇಕೆ, ಉಪಗುತ್ತಿಗೆಯಲ್ಲಿ ಅಪಘಾತವಾದರೆ ಮೂಲ ಸಂಸ್ಥೆಯೂ ಹೊಣೆಯೆ. ಐದನೆಯದು ಪೌರತ್ವದ ಪ್ರಶ್ನೆ. ಮತ ಹಾಕಿದವರಲ್ಲಿ ಕಾರ್ಮಿಕ ಪ್ರಶ್ನೆಗಳಿಗೆ ಹೌದೆಂದವರು ನೂರಕ್ಕೆ ಎಂಬತ್ತೈದಕ್ಕೂ ಮೇಲೆ. ಕಷ್ಟವೇನೆಂದರೆ ಮತ ಹಾಕಲು ಬಂದವರು ನೂರಕ್ಕೆ ಸುಮಾರು 30 ಮಂದಿ. ಫಲಿತಾಂಶ ಊರ್ಜಿತವಾಗಲು ಅರ್ಧಕ್ಕಿಂತ ಹೆಚ್ಚು ಜನ ಬರಬೇಕಿತ್ತು. ಪ್ರಧಾನಿ ಜಾರ್ಜಾ ಮೆಲೋನಿ ಮತಗಟ್ಟೆಗೆ ಬಂದರು, ಕ್ಯಾಮೆರಾಗಳ ಎದುರು ನಿಂತರು, ಮತಪತ್ರ ಮುಟ್ಟದೆ ಹೊರಟರು. ವಿರೋಧಿಸುವ ಕಷ್ಟವನ್ನೂ ತೆಗೆದುಕೊಳ್ಳಬೇಕಾಗಿರಲಿಲ್ಲ. ಜನ ಮನೆಯಲ್ಲಿ ಕೂತರೆ ಸಾಕಾಗಿತ್ತು.

ಇಟಲಿಯ ಜನರಿಗೆ ವಿಷಯ ತಿಳಿದಿರಲಿಲ್ಲ ಎನ್ನಬಹುದು. ಆಯಿತು. ಪ್ರತಿ ಮನೆಗೂ ವಿವರಣೆಯ ಪುಸ್ತಿಕೆ ಕಳಿಸಿ, ವರ್ಷಕ್ಕೆ ಹಲವು ಸಲ ಮತ ಹಾಕಿಸುವ ಸ್ವಿಟ್ಜರ್ಲೆಂಡಿಗೆ ಹೋಗೋಣ. ಎಲ್ಲರಿಗೂ ವರ್ಷಕ್ಕೆ ಆರು ವಾರ ಸಂಬಳ ಸಹಿತ ರಜೆ ಬೇಕೆ ಎಂದು 2012ರಲ್ಲಿ ಕೇಳಿದಾಗ ಮೂರರಲ್ಲಿ ಇಬ್ಬರು ಬೇಡವೆಂದರು. ಗಂಟೆಗೆ 22 ಫ್ರಾಂಕ್ ಕನಿಷ್ಠ ವೇತನ ಬೇಕೆ ಎಂದು 2014ರಲ್ಲಿ ಕೇಳಿದಾಗ ನೂರಕ್ಕೆ 76 ಮಂದಿ ಬೇಡವೆಂದರು. ಆ ಬೇಡವೆಂದವರಲ್ಲಿ ಅಷ್ಟು ಕೂಲಿ ಹುಟ್ಟದವರೂ ಇದ್ದಿರಲೇಬೇಕು. ಆರು ವರ್ಷದ ಮೇಲೆ ಜಿನೀವಾ ಪ್ರಾಂತ್ಯವೊಂದರಲ್ಲೇ ಅದೇ ಪ್ರಶ್ನೆ ಬಂತು, ಈ ಸಲ 23 ಫ್ರಾಂಕ್. ನೂರಕ್ಕೆ 58 ಮಂದಿ ಹೌದೆಂದರು. ಹಿಂದೆ ಅದೇ ಜಿನೀವಾ ಇದನ್ನು ತಳ್ಳಿಹಾಕಿತ್ತು. ನಡುವೆ ಆದದ್ದೇನು? 2020ರ ಮೇ ತಿಂಗಳಲ್ಲಿ, ಕೊರೊನಾ ಬೀಗದ ನಡುವೆ, ಗಡಿಯಾರ ಮತ್ತು ಬ್ಯಾಂಕುಗಳ ಆ ಊರಿನ ಐಸ್ ಕ್ರೀಡಾಂಗಣದ ಹೊರಗೆ ಒಂದು ಚೀಲ ದಿನಸಿಗಾಗಿ ಸಾವಿರಾರು ಜನ ಗಂಟೆಗಟ್ಟಲೆ ಸಾಲುಗಟ್ಟಿ ನಿಂತರು. ಮನೆಗೆಲಸದವರು, ಹೋಟೆಲ್ ಕೆಲಸದವರು, ಕಾಗದಪತ್ರವಿಲ್ಲದವರು. ಆ ಸಾಲನ್ನು ಊರು ಕಣ್ಣಾರೆ ಕಂಡಿತು. ಮತದ ಹಿಂದೆ ಅದೊಂದೇ ಕಾರಣ ಎಂದು ನಾನು ಹೇಳಲಾರೆ. ಅದು ಕಾರಣವೇ ಅಲ್ಲವೆಂದು ಹೇಳುವವರನ್ನೂ ನಂಬಲಾರೆ.

ಕಾಣುವುದರಿಂದಲೇ ಎಲ್ಲ ಆಗುತ್ತದೆ ಎಂದೂ ತಿಳಿಯಬಾರದು. ಅದಕ್ಕೆ ಜರ್ಮನಿಯ ಮಾಂಸದ ಕಾರ್ಖಾನೆಗಳ ಕಥೆ ಇದೆ. ಇದನ್ನು ಕೊಂಚ ನಿಧಾನವಾಗಿ ಹೇಳಬೇಕು. ದೇಶದ ವಾಯವ್ಯಕ್ಕಿರುವ ರೆಡಾ-ವೀಡೆನ್‌ಬ್ರುಕ್ ಎಂಬ ಪಟ್ಟಣದಲ್ಲಿ ಟೋನ್ನೀಸ್ ಸಂಸ್ಥೆಯ ದೊಡ್ಡ ಹಂದಿ ಕಸಾಯಿಖಾನೆ ಇದೆ. ಅಲ್ಲಿ ಮಾಂಸ ಕೊಯ್ಯುವವರು ಹೆಚ್ಚಾಗಿ ರೊಮೇನಿಯಾ, ಬಲ್ಗೇರಿಯಾ, ಪೋಲೆಂಡಿನವರು. ಅವರಲ್ಲಿ ಬಹಳಷ್ಟು ಮಂದಿ 2020ರ ತನಕ ಟೋನ್ನೀಸ್‌ನ ನೌಕರರಾಗಿರಲಿಲ್ಲ, ಉಪಗುತ್ತಿಗೆದಾರನ ಆಳುಗಳಾಗಿದ್ದರು. ಹಾಸಿಗೆಗೊಂದು ಬಾಡಿಗೆ, ಓಡಾಟದ ವ್ಯಾನಿಗೊಂದು ಬಾಡಿಗೆ, ಎಲ್ಲವೂ ಸಂಬಳದಲ್ಲಿ ಕಡಿತ. ಇದು ಗುಟ್ಟಾಗಿರಲಿಲ್ಲ. ವರ್ಷಗಳಿಂದ ಪತ್ರಿಕೆಗಳು ಬರೆದಿದ್ದವು, ಟಿವಿ ತೋರಿಸಿತ್ತು, ಪಾದ್ರಿಗಳು ಚರ್ಚಿನಲ್ಲಿ ನಿಂತು ಆಧುನಿಕ ಗುಲಾಮಗಿರಿ ಎಂದಿದ್ದರು. ಜರ್ಮನರಿಗೆ ಗೊತ್ತಿತ್ತು, ಬೇಸರವೂ ಇತ್ತು. ಸೂಪರ್‌ಮಾರ್ಕೆಟ್ಟಿನಲ್ಲಿ ಹಂದಿಮಾಂಸ ಅಗ್ಗವಾಗಿಯೂ ಇತ್ತು.

2020ರ ಜೂನ್‌ನಲ್ಲಿ ಆ ಕಾರ್ಖಾನೆಯ 1,500ಕ್ಕೂ ಹೆಚ್ಚು ಕಾರ್ಮಿಕರಿಗೆ ಕೊರೊನಾ ತಗುಲಿತು. ತಣ್ಣಗಿನ ಕೋಣೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರಿಗೆ, ಒಂದೇ ಕೊಠಡಿಯಲ್ಲಿ ಹಲವರು ಮಲಗುವವರಿಗೆ ತಗುಲದೆ ಇನ್ನಾರಿಗೆ ತಗುಲೀತು? ಈ ಸಲ ಅದು ಅವರ ಕೊಠಡಿಯಲ್ಲೇ ಉಳಿಯಲಿಲ್ಲ. ಇಡೀ ಗ್ಯೂಟರ್ಸ್‌ಲೋ ಜಿಲ್ಲೆಗೆ ಮತ್ತೆ ಬೀಗ ಬಿತ್ತು, ಶಾಲೆಗಳು ಮುಚ್ಚಿದವು, ಆ ಜಿಲ್ಲೆಯವರೆಂದರೆ ಬೇರೆ ರಾಜ್ಯಗಳ ರಜಾ ತಾಣಗಳಲ್ಲಿ ಹೋಟೆಲಿನವರು ಬಾಗಿಲು ತೆರೆಯಲಿಲ್ಲ. ಮಧ್ಯಮ ವರ್ಗದ ಬೇಸಿಗೆ ರಜೆ ಹಾಳಾಯಿತು. ಆ ವರ್ಷ ಮುಗಿಯುವುದರೊಳಗೆ ಕಾನೂನು ಬಂತು. 2021ರ ಜನವರಿ 1ರಿಂದ ಕಸಾಯಿಖಾನೆಯ ಮೂಲ ಕೆಲಸದಲ್ಲಿ ಉಪಗುತ್ತಿಗೆ ನಿಷೇಧ. ಸಾವಿರಾರು ಮಂದಿ ಅದೇ ಕಾರ್ಖಾನೆಯ ನೇರ ನೌಕರರಾದರು. ವರ್ಷಗಟ್ಟಲೆಯ ಅರಿವು ಮಾಡದ್ದನ್ನು ಆರು ತಿಂಗಳ ಭಯ ಮಾಡಿಸಿತು.

ಇದನ್ನು ಬರೆಯುವಾಗ ನನಗೆ ಸಂತೋಷವೇನಿಲ್ಲ. ಪಕ್ಕದವನ ಹೊಟ್ಟೆಗೆ ಬೆಂಕಿ ಬಿದ್ದರೆ ಅಯ್ಯೋ ಎನ್ನುತ್ತೇವೆ, ನಮ್ಮ ಹಿತ್ತಲಿಗೆ ಬಂದರೆ ಮಾತ್ರ ಕೊಡ ಹಿಡಿದು ಓಡುತ್ತೇವೆ ಎನ್ನುವುದು ಹೆಮ್ಮೆಪಡುವ ಸಂಗತಿಯಲ್ಲ. ಬೇರೆ ಸಾಕ್ಷಿ ಬೇಕಿದ್ದರೆ ಇಂಗ್ಲಿಷ್ ಕಾಲುವೆಯಲ್ಲಿದೆ. 2022ರ ಮಾರ್ಚ್ 17ರಂದು ಪಿ ಆಂಡ್ ಒ ಫೆರೀಸ್ ಎಂಬ ಹಡಗು ಕಂಪನಿ ಸುಮಾರು 800 ಹಡಗು ನೌಕರರನ್ನು ಮೊದಲೇ ಮುದ್ರಿಸಿಟ್ಟ ವಿಡಿಯೊ ಸಂದೇಶದಲ್ಲಿ ಕೆಲಸದಿಂದ ತೆಗೆಯಿತು, ಅವರ ಜಾಗಕ್ಕೆ ಅಗ್ಗದ ಏಜೆನ್ಸಿ ಆಳುಗಳನ್ನು ತಂದಿತು. ಸಮಾಲೋಚನೆ ಮಾಡಬೇಕೆಂಬ ಕಾನೂನನ್ನು ತಿಳಿದೇ ಮುರಿದೆವು ಎಂದು ಅದರ ಮುಖ್ಯಸ್ಥ ಸಂಸದರ ಎದುರು ಒಪ್ಪಿಕೊಂಡ. ಬ್ರಿಟನ್ನಿನಲ್ಲಿ ಎಡದವರು, ಬಲದವರು, ಟ್ಯಾಬ್ಲಾಯ್ಡ್ ಪತ್ರಿಕೆಗಳು, ಕನ್ಸರ್ವೇಟಿವ್ ಪ್ರಧಾನಿ, ಎಲ್ಲರೂ ಒಟ್ಟಾಗಿ ಛೀ ಎಂದರು. ಅಷ್ಟು ಒಮ್ಮತದ ಜನಾಭಿಪ್ರಾಯ ಆ ದೇಶದಲ್ಲಿ ಅಪರೂಪ. ಹೋದ ಕೆಲಸ ಹೋದದ್ದೇ, ನಿಂತಿದ್ದ ಹಡಗುಗಳು ಕೆಲವು ವಾರಗಳಲ್ಲಿ ಮತ್ತೆ ಓಡಿದವು.

ಅದೇ ಕೋಪಕ್ಕೆ ಕೈಕಾಲು ಇದ್ದರೆ ಹೇಗಿರುತ್ತದೆ? ಸ್ವೀಡನ್ನಿನಲ್ಲಿ ಟೆಸ್ಲಾ ಕಂಪನಿ ಸಾಮೂಹಿಕ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ ಎಂದದ್ದಕ್ಕೆ 2023ರ ಅಕ್ಟೋಬರ್ 27ರಂದು ಐಎಫ್ ಮೆಟಾಲ್ ಸಂಘದ ಮೆಕ್ಯಾನಿಕ್‌ಗಳು ಕೆಲಸ ನಿಲ್ಲಿಸಿದರು. ಹೊರಟವರ ಸಂಖ್ಯೆ ದೊಡ್ಡದೇನಲ್ಲ. ಆದರೆ ಬಂದರಿನವರು ಟೆಸ್ಲಾ ಕಾರು ಇಳಿಸಲಿಲ್ಲ, ಅಂಚೆಯವರು ನಂಬರ್ ಪ್ಲೇಟ್ ತಲುಪಿಸಲಿಲ್ಲ, ಎಲೆಕ್ಟ್ರಿಷಿಯನ್ನರು ಚಾರ್ಜಿಂಗ್ ಕಂಬ ದುರಸ್ತಿ ಮಾಡಲಿಲ್ಲ. ಡೆನ್ಮಾರ್ಕ್, ನಾರ್ವೆ, ಫಿನ್ಲೆಂಡಿನ ಸಂಘಗಳೂ ಕೈಜೋಡಿಸಿದವು. ಅಲ್ಲಿ ಇನ್ನೊಬ್ಬರ ಮುಷ್ಕರಕ್ಕೆ ಬೆಂಬಲವಾಗಿ ಮುಷ್ಕರ ಮಾಡುವುದು ಕಾನೂನುಬದ್ಧ. ಬ್ರಿಟನ್ನಿನಲ್ಲಿ ಥ್ಯಾಚರ್ ಕಾಲದಿಂದ ಅದು ನಿಷಿದ್ಧ. ಟೆಸ್ಲಾ ಎರಡು ವರ್ಷ ಕಳೆದರೂ ಸಹಿ ಹಾಕಲಿಲ್ಲ ಎನ್ನುವುದನ್ನೂ ಹೇಳಬೇಕು. ಆದರೆ ಮರೆಯಾಗಲಿಲ್ಲ ಆ ಜಗಳ. ಬ್ರಿಟನ್ನಿನ ಛೀಕಾರ ಕ್ರಮೇಣ ತಣ್ಣಗಾಯಿತು.

ಸ್ವೀಡನ್ನರು ಹುಟ್ಟಾ ಕಾರ್ಮಿಕಪರರು, ಅದಕ್ಕೇ ಹೀಗೆ ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳಲ್ಲಿ ನಿರುದ್ಯೋಗ ವಿಮೆಯ ನಿಧಿಗಳು ಕಾರ್ಮಿಕ ಸಂಘಗಳಿಗೆ ಹೊಂದಿಕೊಂಡು ಬೆಳೆದವು. ಮೊದಲು ಈ ಪದ್ಧತಿ ಶುರುವಾದ ಬೆಲ್ಜಿಯಂನ ಊರಿನ ಹೆಸರಿನಲ್ಲಿ ಇದನ್ನು ಘೆಂಟ್ ಪದ್ಧತಿ ಎನ್ನುತ್ತಾರೆ. ಕೆಲಸ ಹೋದರೆ ದುಡ್ಡು ಬರುವ ದಾರಿ ಸಂಘದ ಬಾಗಿಲ ಮೂಲಕ ಹಾದುಹೋದರೆ ಜನ ಸಂಘ ಸೇರುತ್ತಾರೆ, ಸೇರಿದ ಮೇಲೆ ಸಂಘದವರಾಗುತ್ತಾರೆ. 2006ರಲ್ಲಿ ಅಧಿಕಾರಕ್ಕೆ ಬಂದ ಬಲಪಂಥೀಯ ಸರ್ಕಾರ ಸ್ವೀಡನ್ನರ ಮನಸ್ಸು ಬದಲಿಸುವ ಗೋಜಿಗೆ ಹೋಗಲಿಲ್ಲ. 2007ರಿಂದ ವಿಮಾ ನಿಧಿಯ ಚಂದಾ ಏರಿಸಿತು, ಅಷ್ಟೇ. ನೂರಕ್ಕೆ 77 ಇದ್ದ ಸಂಘ ಸದಸ್ಯತ್ವ ಎರಡೇ ವರ್ಷದಲ್ಲಿ 71ಕ್ಕೆ ಇಳಿಯಿತು. ಎರಡು ವರ್ಷದಲ್ಲಿ ಒಂದು ಜನಾಂಗದ ಸಂಸ್ಕೃತಿ ಬದಲಾಗುವುದಿಲ್ಲ, ಚಂದಾ ಬದಲಾಗುತ್ತದೆ. ಎದುರಾಳಿಗಳಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ಜಾಗೃತಿ ಅಭಿಯಾನ ನಡೆಸುವ ನಮ್ಮ ಕಡೆಯವರಿಗೆ.

ಇತಿಹಾಸದ ಮೊದಲ ಪುಟವೂ ಇದನ್ನೇ ಹೇಳುತ್ತದೆ. 1883ರಲ್ಲಿ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ವಿಮೆ ತಂದ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಅದೇ ವರ್ಷಗಳಲ್ಲಿ ಸಮಾಜವಾದಿಗಳ ಸಭೆ, ಪತ್ರಿಕೆಗಳನ್ನು ನಿಷೇಧಿಸಿದ್ದವನು. ಜನಾಭಿಪ್ರಾಯಕ್ಕೆ ತಲೆಬಾಗಿ ಕೊಟ್ಟದ್ದಲ್ಲ. ಕಾರ್ಮಿಕರು ಆ ಕಡೆ ಹೋಗದಿರಲಿ ಎಂದು ಕೊಟ್ಟದ್ದು. ಕೊಟ್ಟ ಮೇಲೆ ಚಕ್ರವರ್ತಿ ಹೋದ, ಗಣರಾಜ್ಯ ಹೋಯಿತು, ಎರಡು ಯುದ್ಧಗಳಾದವು, ವಿಮೆ ಉಳಿಯಿತು.

ಪೋಲೆಂಡಿನ ಕಥೆ ಎಡಪಂಥೀಯರಿಗೆ ಇನ್ನೂ ಕಹಿ. ಕಮ್ಯುನಿಸ್ಟ್ ಆಡಳಿತ ಕಂಡವರಿಗೆ ಸರ್ಕಾರಿ ನೆರವೆಂದರೆ ಅಲರ್ಜಿ ಎಂದು ಎರಡು ದಶಕ ಪಂಡಿತರು ಹೇಳಿದರು. 2016ರಲ್ಲಿ ಸಂಪ್ರದಾಯವಾದಿ ‘ಕಾನೂನು ಮತ್ತು ನ್ಯಾಯ’ ಪಕ್ಷ ಮಗುವಿಗೆ ತಿಂಗಳಿಗೆ 500 ಜ್ಲಾಟಿ ಕೊಡತೊಡಗಿತು. ವಾರ್ಸಾದ ಬುದ್ಧಿವಂತರು ಇದು ಮತ ಖರೀದಿ, ಜನ ಸೋಮಾರಿಗಳಾಗುತ್ತಾರೆ, ಕುಡಿಯುತ್ತಾರೆ ಎಂದರು. ಕರ್ನಾಟಕದ ಓದುಗರಿಗೆ ಈ ಮಾತುಗಳನ್ನು ಅನುವಾದಿಸಿ ಹೇಳುವ ಅಗತ್ಯವಿಲ್ಲ. 2023ರ ಚುನಾವಣೆ ಬರುವ ಹೊತ್ತಿಗೆ ಅದನ್ನು 800ಕ್ಕೇರಿಸುವ ಘೋಷಣೆಯಾದಾಗ, ವಿರೋಧ ಪಕ್ಷದ ಡೊನಾಲ್ಡ್ ಟಸ್ಕ್ ಮುಂದಿನ ವರ್ಷದ ತನಕ ಯಾಕೆ ಕಾಯಬೇಕು, ಈಗಲೇ ಕೊಡಿ ಎಂದರು. ಗೆದ್ದು ಬಂದ ಮೇಲೆ ಮುಂದುವರಿಸಿದರು. ಏಳು ವರ್ಷ ತಿಂಗಳು ತಿಂಗಳು ಖಾತೆಗೆ ಬಿದ್ದ ದುಡ್ಡಿನ ಎದುರು ಯಾವ ವಿಚಾರ ಸಂಕಿರಣ ನಿಂತೀತು?

‘ಇಡೀ ಯುರೋಪಿನ ಬೆಂಬಲ’ ಎನ್ನುವ ಮಾತಿಗೂ ಬರಬೇಕು. ಇದು ಇನ್ನೂ ದೊಡ್ಡ ಭ್ರಮೆ. 2004ರಲ್ಲಿ ಸ್ಟಾಕ್‌ಹೋಮ್ ಬಳಿಯ ವಾಕ್ಸ್‌ಹೋಮ್ ಎಂಬಲ್ಲಿ ಶಾಲೆಯ ಕಟ್ಟಡ ಕೆಲಸಕ್ಕೆ ಲಾಟ್ವಿಯಾದ ಲಾವಲ್ ಕಂಪನಿ ತನ್ನ ದೇಶದ ಕೂಲಿಯಾಳುಗಳನ್ನು ಕರೆತಂದಿತು. ಸ್ವೀಡನ್ನಿನ ದರದಲ್ಲಿ ಕೂಲಿ ಕೊಡಿ ಎಂದು ಅಲ್ಲಿನ ಕಟ್ಟಡ ಕಾರ್ಮಿಕರ ಸಂಘ ಆ ಜಾಗಕ್ಕೆ ದಿಗ್ಬಂಧನ ಹಾಕಿತು. ಸ್ಟಾಕ್‌ಹೋಮಿನ ಕಾರ್ಮಿಕನಿಗೆ ಅದು ನ್ಯಾಯದ ಹೋರಾಟ. ರೀಗಾದಿಂದ ಬಂದವನಿಗೆ? ತನ್ನ ಊರಿನದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಂಬಳದ ಕೆಲಸ ಕೈತಪ್ಪಿತು, ಅವನನ್ನು ಮನೆಗೆ ಕಳಿಸಿದವರು ತನ್ನಂಥದೇ ಕಾರ್ಮಿಕರು. 2007ರ ಡಿಸೆಂಬರ್‌ನಲ್ಲಿ ಯುರೋಪಿಯನ್ ನ್ಯಾಯಾಲಯ ಸಂಘದ ವಿರುದ್ಧ ತೀರ್ಪು ಕೊಟ್ಟಿತು. ಪಶ್ಚಿಮದ ಸಂಘಗಳಿಗೆ ಅದು ಇಂದಿಗೂ ಕರಾಳ ದಿನ. ಲಾಟ್ವಿಯಾ ಸರ್ಕಾರ ಕಂಪನಿಯ ಪರವಾಗಿತ್ತು.

2005ರಲ್ಲಿ ಫ್ರಾನ್ಸಿನಲ್ಲಿ ಯುರೋಪಿಯನ್ ಸಂವಿಧಾನದ ಮೇಲೆ ಜನಮತ ನಡೆದಾಗ ‘ಪೋಲೆಂಡಿನ ಪ್ಲಂಬರ್’ ದೊಡ್ಡ ಗುಮ್ಮನಾದ. ಕಡಿಮೆ ಕೂಲಿಗೆ ಬಂದು ನಮ್ಮ ಅನ್ನ ಕಸಿಯುತ್ತಾನೆ ಎಂಬ ಹೆದರಿಕೆ. ಮೇ 29ರಂದು ನೂರಕ್ಕೆ 55 ಮಂದಿ ಸಂವಿಧಾನ ಬೇಡವೆಂದರು. ಪೋಲೆಂಡಿನ ಪ್ರವಾಸೋದ್ಯಮ ಇಲಾಖೆ ಸುಮ್ಮನಿರಲಿಲ್ಲ. ಪೈಪು, ಸ್ಪ್ಯಾನರ್ ಹಿಡಿದ ಸುಂದರಾಂಗ ಪ್ಲಂಬರನ ಜಾಹೀರಾತು ಮಾಡಿ, ನಾನು ಪೋಲೆಂಡಿನಲ್ಲೇ ಇರುತ್ತೇನೆ, ನೀವೇ ಬನ್ನಿ ಎಂದು ಫ್ರೆಂಚರನ್ನು ಕರೆಯಿತು. ನಗುವಿನ ವಿಷಯವೇ. ಆದರೆ ಆ ಗುಮ್ಮನನ್ನು ಎಬ್ಬಿಸಿದವರಲ್ಲಿ ಬಲಪಂಥೀಯರ ಜೊತೆ ಕಾರ್ಮಿಕರ ಹಿತ ಕಾಯುತ್ತೇವೆ ಎನ್ನುವವರೂ ಇದ್ದರು.

ಯುರೋಪಿಯನ್ ಒಕ್ಕೂಟ 2022ರಲ್ಲಿ ಕನಿಷ್ಠ ವೇತನದ ನಿರ್ದೇಶನ ತಂದಾಗ ಅತಿ ಗಟ್ಟಿಯಾಗಿ ವಿರೋಧಿಸಿದವರು ಯಾರು? ಡೆನ್ಮಾರ್ಕ್ ಮತ್ತು ಸ್ವೀಡನ್, ಅವರ ಸಂಘಟನೆಗಳೂ ಸೇರಿ. ನಮ್ಮಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ, ಸಂಘ ಮತ್ತು ಮಾಲೀಕರು ಕೂತು ದರ ನಿಗದಿ ಮಾಡುತ್ತಾರೆ, ಬ್ರಸೆಲ್ಸ್ ಕೈಹಾಕುವುದು ಬೇಡ ಎಂದರು. ಡೆನ್ಮಾರ್ಕ್ ನ್ಯಾಯಾಲಯಕ್ಕೂ ಹೋಯಿತು. 2025ರ ನವೆಂಬರ್‌ನಲ್ಲಿ ನ್ಯಾಯಾಲಯ ಎರಡು ಅಂಶಗಳನ್ನು ತೆಗೆದು ಉಳಿದದ್ದನ್ನು ಎತ್ತಿಹಿಡಿಯಿತು. ರೊಮೇನಿಯಾದವನಿಗೆ ಆಸರೆಯಾಗುವ ಕಾನೂನು ಕೋಪನ್‌ಹೇಗನ್ನಿನವನಿಗೆ ಕಾಲ್ತೊಡಕು. ಈ ಭೇದವನ್ನು ಯಾವ ಸಮಾನ ಘೋಷಣೆಯೂ ಮುಚ್ಚಲಾರದು, ಮುಚ್ಚಬಾರದು ಕೂಡ.

ಹಾಗಾದರೆ ಪ್ರಚಾರದಿಂದ ಏನೂ ಆಗಿಲ್ಲವೆ? ಆಗಿದೆ. 1956ರ ಮೇ ದಿನಕ್ಕೆ ಜರ್ಮನಿಯ ಸಂಘಗಳ ಒಕ್ಕೂಟ ಒಂದು ಪೋಸ್ಟರ್ ಹೊರತಂದಿತು. ಅದರಲ್ಲಿ ಕಾರ್ಖಾನೆಯಿಲ್ಲ, ಮುಷ್ಟಿಯಿಲ್ಲ, ಕೆಂಬಾವುಟವಿಲ್ಲ. ಒಬ್ಬ ಪುಟ್ಟ ಹುಡುಗ, ಶನಿವಾರ ಅಪ್ಪ ನನಗೆ ಸೇರಬೇಕು ಎನ್ನುತ್ತಾನೆ. ಐದು ದಿನದ ವಾರದ ಬೇಡಿಕೆ ಕಾರ್ಮಿಕನದಾಗಿ ಉಳಿಯದೆ ಹೆಂಡತಿಯದೂ ಮಕ್ಕಳದೂ ಆಯಿತು. ಆದರೆ ಆ ಪೋಸ್ಟರಿನ ಹಿಂದೆ ಲಕ್ಷಾಂತರ ಸದಸ್ಯರಿದ್ದ ಸಂಘಗಳು ಮಾತುಕತೆಯ ಮೇಜಿನಲ್ಲಿ ಕೂತಿದ್ದವು. ಅದೇ ವರ್ಷ ಲೋಹ ಉದ್ಯಮದಲ್ಲಿ 48 ಗಂಟೆಯ ವಾರ 45ಕ್ಕಿಳಿಯಿತು, 1967ರ ಹೊತ್ತಿಗೆ 40ಕ್ಕೆ. ಯುದ್ಧದ ನಂತರ ಜರ್ಮನರು ದುಡಿದ ಹಾಗೆ ನಮ್ಮ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಎನ್.ಆರ್. ನಾರಾಯಣಮೂರ್ತಿ 2023ರ ಅಕ್ಟೋಬರ್‌ನಲ್ಲಿ ಹೇಳಿದ್ದು ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಚರ್ಚೆಯಾಯಿತು. ಯುದ್ಧ ಮುಗಿದ ಹನ್ನೊಂದೇ ವರ್ಷಕ್ಕೆ, ಆರ್ಥಿಕ ಪವಾಡದ ನಟ್ಟನಡುವೆ, ಅದೇ ಜರ್ಮನರು ಶನಿವಾರ ರಜೆ ಕೇಳಿದರು, ಆಮೇಲೆ ಪಡೆದರು ಎನ್ನುವುದು ಆ ಚರ್ಚೆಯಲ್ಲಿ ನನಗೆ ಕಾಣಲಿಲ್ಲ.

ಇನ್ನೊಂದು ಉದಾಹರಣೆ ನೀರಿನದು. ಸಾರ್ವಜನಿಕ ಸೇವೆಯ ನೌಕರರ ಯುರೋಪಿಯನ್ ಒಕ್ಕೂಟ 2012-13ರಲ್ಲಿ ನೀರು ಮನುಷ್ಯನ ಹಕ್ಕು, ಅದನ್ನು ಖಾಸಗಿಗೆ ಕೊಡಬೇಡಿ ಎಂದು ಸಹಿ ಸಂಗ್ರಹಿಸಿತು. ನಮ್ಮ ಕೆಲಸ ಉಳಿಸಿ ಎಂದಿದ್ದರೆ ಯಾರು ಸಹಿ ಹಾಕುತ್ತಿದ್ದರು? ನಿಮ್ಮ ನಲ್ಲಿ ಉಳಿಸಿಕೊಳ್ಳಿ ಎಂದದ್ದಕ್ಕೆ ಹದಿನೆಂಟು ಲಕ್ಷಕ್ಕೂ ಹೆಚ್ಚು ಸಹಿ ಬಂದವು. ಯುರೋಪಿಯನ್ ಒಕ್ಕೂಟದ ನಾಗರಿಕ ಅರ್ಜಿಗಳಲ್ಲಿ ಹತ್ತು ಲಕ್ಷ ದಾಟಿದ ಮೊದಲನೆಯದು ಅದೇ. ಹೊಸ ಗುತ್ತಿಗೆ ನಿರ್ದೇಶನದಿಂದ ನೀರನ್ನು ಹೊರಗಿಟ್ಟರು. ಇಲ್ಲೂ ಒಂದು ಸಣ್ಣಕ್ಷರದ ಷರಾ ಇದೆ: ಮಾನ್ಯವಾದ ಸಹಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜರ್ಮನಿ ಒಂದರದೇ, ಅದೂ ಟಿವಿಯ ವಿಡಂಬನೆ ಕಾರ್ಯಕ್ರಮವೊಂದು ವಿಷಯ ಎತ್ತಿದ ಮೇಲೆ ಹರಿದುಬಂದದ್ದು. ಇಡೀ ಯುರೋಪು ಎದ್ದಿತು ಎಂದು ಆಮೇಲೆ ಬರೆದುಕೊಂಡರು.

ಇಷ್ಟೆಲ್ಲ ಹೇಳಿದ ಮೇಲೆ ಫ್ರಾನ್ಸನ್ನು ಬಿಟ್ಟರೆ ಅನ್ಯಾಯ, ಯಾಕೆಂದರೆ ಜನಬೆಂಬಲದ ವಾದಕ್ಕೆ ಅದೇ ಕೊನೆಯ ಕೋಟೆ. 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವುದರ ವಿರುದ್ಧ ಮೂರರಲ್ಲಿ ಇಬ್ಬರು ಫ್ರೆಂಚರಿದ್ದರು. ಮಾರ್ಚ್ 7ರಂದು ಬೀದಿಗೆ ಬಂದವರು ಸರ್ಕಾರದ ಲೆಕ್ಕದಲ್ಲೇ 12 ಲಕ್ಷ 80 ಸಾವಿರ. ಒಟ್ಟಿಗೆ ಕೂರುವುದೇ ಅಪರೂಪವಾದ ಸಂಘಗಳೆಲ್ಲ ಒಂದಾಗಿದ್ದವು. ಮಾರ್ಚ್ 16ರಂದು ಸರ್ಕಾರ ಸಂವಿಧಾನದ 49.3ನೇ ವಿಧಿ ಬಳಸಿ ಮತವೇ ಇಲ್ಲದೆ ಮಸೂದೆ ದಾಟಿಸಿತು. ಅವಿಶ್ವಾಸ ಗೊತ್ತುವಳಿ ಒಂಬತ್ತು ಮತಗಳಿಂದ ಸೋತಿತು. ಮತ್ತೆ 2025ರ ಅಕ್ಟೋಬರ್‌ನಲ್ಲಿ ಪ್ರಧಾನಿ ಲೆಕೊರ್ನು ಅದೇ ಸುಧಾರಣೆಯನ್ನು 2027ರ ಅಧ್ಯಕ್ಷೀಯ ಚುನಾವಣೆಯ ತನಕ ತಡೆಹಿಡಿಯುವುದಾಗಿ ಘೋಷಿಸಿದರು. ಜನ ಆಗ ಬೀದಿಯಲ್ಲಿ ಅಷ್ಟೇನೂ ಇರಲಿಲ್ಲ. ಬಹುಮತವಿಲ್ಲದ ಸರ್ಕಾರ ಉಳಿಯಲು ಸಮಾಜವಾದಿಗಳ ಮತ ಬೇಕಿತ್ತು. 12 ಲಕ್ಷ ಜನರಿಗೆ ಕೊಡದದ್ದನ್ನು ಕೆಲವು ಡಜನ್ ಸಂಸದರಿಗೆ ಕೊಡಬೇಕಾಯಿತು. ಬೀದಿ ವ್ಯರ್ಥವೆಂದು ನಾನು ಹೇಳುತ್ತಿಲ್ಲ, ಆ ಸಮಾಜವಾದಿಗಳು ಪಟ್ಟು ಹಿಡಿದದ್ದಕ್ಕೆ 2023ರ ನೆನಪು ಕಾರಣವೇ. ಆದರೆ ನೆನಪಿಗೆ ಹಿಡಿಕೆ ಸಿಕ್ಕಿದ್ದು ಸದನದ ಲೆಕ್ಕದಲ್ಲಿ.

ಈಗ ಕಣದಲ್ಲಿರುವುದು ಆ್ಯಪ್ ಕಂಪನಿಗಳ ದುಡಿಮೆ. ಅದರ ಬಗ್ಗೆ ಯುರೋಪಿಯನ್ ಒಕ್ಕೂಟ 2024ರಲ್ಲಿ ತಂದ ನಿರ್ದೇಶನವನ್ನು ಸದಸ್ಯ ದೇಶಗಳು 2026ರ ಡಿಸೆಂಬರ್ 2ರೊಳಗೆ ತಮ್ಮ ಕಾನೂನಾಗಿಸಬೇಕು. ಇದಕ್ಕೂ ಪೋಸ್ಟರುಗಳು ತಯಾರಾಗುತ್ತಿರುತ್ತವೆ. 2021ರಲ್ಲಿ ಬರ್ಲಿನ್‌ನ ಗೊರಿಲ್ಲಾಸ್ ಎಂಬ ಹತ್ತು ನಿಮಿಷದ ದಿನಸಿ ಕಂಪನಿಯ ಸೈಕಲ್ ಹುಡುಗರು ಮುಷ್ಕರ ಹೂಡಿದಾಗ ಪತ್ರಿಕೆಗಳು ಮರುಕ ತೋರಿದವು. ಬಹಳಷ್ಟು ಮಂದಿ ಹೊರದೇಶದವರು, ವೀಸಾದ ಮೇಲಿದ್ದವರು. ಸಂಘ ಕರೆ ಕೊಡದ ಮುಷ್ಕರ ಜರ್ಮನಿಯಲ್ಲಿ ಕಾನೂನುಬದ್ಧವಲ್ಲ ಎಂದು ಕಂಪನಿ ಅಕ್ಟೋಬರ್‌ನಲ್ಲಿ ಹಲವರನ್ನು ಕೆಲಸದಿಂದ ತೆಗೆಯಿತು, ನ್ಯಾಯಾಲಯವೂ ಮುಷ್ಕರನಿರತರ ಕೈ ಹಿಡಿಯಲಿಲ್ಲ. ಅದೇ ನ್ಯಾಯಾಲಯದ ಮುಂದೆ, ನೌಕರರ ಮಂಡಳಿಯ ಚುನಾವಣೆ ನಿಲ್ಲಿಸಿ ಎಂದು ಕಂಪನಿ ಹೋದಾಗ ಕಂಪನಿ ಸೋತಿತು. ಮರುಕ ಎರಡೂ ಸಲ ಅಷ್ಟೇ ಇತ್ತು, ಕಾನೂನಿನ ಆಸರೆ ಎರಡನೆಯದಕ್ಕೆ ಮಾತ್ರ ಇತ್ತು.

2023-24ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 49 ಸಾವಿರ, ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ದೊಡ್ಡ ಗುಂಪು. ಕನ್ನಡದ ಮನೆಗಳ ಮಕ್ಕಳೂ ಅವರಲ್ಲಿದ್ದಾರೆ, ಬಾಡಿಗೆ ಹುಟ್ಟಿಸಲು ಊಟದ ಪೆಟ್ಟಿಗೆ ಹೊತ್ತು ಸೈಕಲ್ ತುಳಿಯುವವರೂ ಇದ್ದಾರೆ. ನಿಮ್ಮ ಮಗನೋ ಮಗಳೋ ಹಾಗೆ ದುಡಿಯುತ್ತಿದ್ದರೆ ಫೋನಿನಲ್ಲಿ ಊಟ ಆಯಿತಾ ಎಂದು ಕೇಳಿದ ಮೇಲೆ ಇದನ್ನೂ ಹೇಳಿ: ಸಂಘದ ಚಂದಾ ಸಾಮಾನ್ಯವಾಗಿ ಸಂಬಳದ ನೂರಕ್ಕೆ ಒಂದರಷ್ಟು, ವಿದ್ಯಾರ್ಥಿಗಳಿಗೆ ಇನ್ನೂ ಕಡಿಮೆ. ನೌಕರರ ಮಂಡಳಿ ಆರಿಸಿಕೊಳ್ಳಲು ಆ ದೇಶದ ಕಾನೂನಿನ ಪ್ರಕಾರ ಒಂದು ಜಾಗದಲ್ಲಿ ಮತದ ಹಕ್ಕುಳ್ಳ ಐದು ಮಂದಿ ಕಾಯಂ ನೌಕರರಿದ್ದರೆ ಸಾಕು.